ಕೆನ್ನಾಯಿಗೆ ಸುರುಳಿ ಬಾಲ

ನೀಲಿ ಮಖಮಲ್ಲಿನ ಡಬ್ಬಿ ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಗೋಂದಿನ ವಾಸನೆ. ಒಳಗೆ ಪ್ಲಾಸ್ಟಿಕ್ ಕವಚದಲ್ಲಿ ಒಂದು ಬೆಳ್ಳಿ ನಾಣ್ಯ. ತಂಗಿಯ ಮಗ ದೀಪಾವಳಿಗೆಂದು ಚಾಮರಾಜನಗರದ ನಮ್ಮ ಮನೆಗೆ ತಂದುಕೊಟ್ಟಿದ್ದ. ಅಳಿವಿನಂಚಿನ ಪ್ರಾಣಿಗಳ ನಾಣ್ಯಮಾಲೆಯದಂತೆ. ಅಂಗಡಿಯಲ್ಲಿ ಹುಲಿ, ಆನೆ ಎಲ್ಲ ಖರ್ಚಾಗಿ ಇದೊಂದು ಉಳಿದಿತ್ತಂತೆ. ದೊಡ್ಡಮ್ಮ ಕಾಡಂಚಿನ ಹಂಗಳದ ಶಾಲೆಯಲ್ಲಿ ಪಾಠ ಹೇಳಿದವರು, ಕಾಡಿನ ಪ್ರಾಣಿ ಕಂಡರೆ ಖುಷಿಪಡುತ್ತಾರೆ ಅಂದುಕೊಂಡಿದ್ದ, ಪಾಪ. ಕನ್ನಡಕ ಹಾಕಿಕೊಂಡು ನೋಡಿದೆ. ಕೆನ್ನಾಯಿ. ಅದರ ಬೆನ್ನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡ ಬಾಲ. ನನ್ನ ಮೈಯೆಲ್ಲ ಉರಿದುಹೋಯಿತು.

ಹಂಗಳದಲ್ಲಿ ನನ್ನ ಬಾಡಿಗೆ ಮನೆಗೆ ಅಂಟಿಕೊಂಡೇ ಒಬ್ಬರ ಮನೆ ಇತ್ತು. ಕಾಡು ಕಾಯುವ ದಿನಗೂಲಿ ವಾಚರ್. ನಾನು ವಾಚರಣ್ಣ ಅನ್ನುತ್ತಿದ್ದೆ, ಅವರಿಗೆ ನಾನು ಟೀಚ್ರಮ್ಮ. ಕೆನ್ನಾಯಿಗಳು ಒಂದನ್ನೊಂದು ಸಿಳ್ಳೆ ಹಾಕಿ ಕರೆಯುತ್ತವೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ಕಾಡಿನಿಂದ ಬಂದವರು ಬೀದಿ ತಿರುವಿನಲ್ಲೇ ಹಾಗೆ ಸಿಳ್ಳೆ ಹಾಕುತ್ತಿದ್ದರು. ಅದು ಕೇಳಿ ಒಳಗೆ ಅವರ ಹೆಂಡತಿ, ನನ್ನ ಪಾಲಿಗೆ ಅಕ್ಕ, ಕಾಫಿಗೆ ನೀರಿಡುತ್ತಿದ್ದರು. ನಾನು ನಗುತ್ತಿದ್ದೆ...

ಆ ನಗು ನಿಂತದ್ದು ಒಂದು ಕರುವಿನಿಂದ. ಕೆರೆಯ ಏರಿಯಾಚೆ ಯಾರದೋ ಕರುವನ್ನು ನಾಯಿಗಳು ಕಚ್ಚಿ ಕೊಂದಿದ್ದವು. ಮುಸ್ಸಂಜೆ, ದೂರದಲ್ಲಿ ಕೆಂಪು ಮೈಗಳು ಓಡಿದ್ದು ಕಂಡು ವಾಚರಣ್ಣ "ಕೆನ್ನಾಯ್ ಕಣ್ಲಾ" ಅಂದುಬಿಟ್ಟರು. ಕಾಡಿನವರ ಮಾತು, ಊರು ನಂಬಿತು. ಬೆಳಿಗ್ಗೆ ಅವರು ಹೆಜ್ಜೆ ನೋಡಲು ಹೋಗುವಷ್ಟರಲ್ಲಿ ಕರುವಿನ ಹೆಣಕ್ಕೆ ವಿಷ ಬಿದ್ದಾಗಿತ್ತು. ಕರು ಹಿಡಿದಿದ್ದ ಬೀದಿನಾಯಿಗಳು ಬಾಯಿ ಕೆಂಪು ಮಾಡಿಕೊಂಡು, ಬಾಲ ಸುತ್ತಿಕೊಂಡು, ಟೀ ಅಂಗಡಿಯ ಮುಂದೆ ಹಾಯಾಗಿ ಬಿದ್ದುಕೊಂಡಿದ್ದವು. ವಾಸನೆ ಹಿಡಿದು ಬಂದ ಕೆನ್ನಾಯಿಗಳು ಸತ್ತವು. ಅದರಲ್ಲಿ ಒಂದು ಹಾಲೂಡುವ ತಾಯಿ.

"ಕರ ತಿಂದಿದ್ದು ಬೀದಿ ನಾಯಿ, ಸತ್ತಿದ್ದು ಅವು" ಎಂದರು ವಾಚರಣ್ಣ ನನ್ನ ಜಗುಲಿಯ ಮೇಲೆ ಕೂತು. "ಬಾಲ ನೋಡ್ದಲೇ ಕೆನ್ನಾಯ್ ಅಂದ್ಬುಟ್ಟೆ ಟೀಚ್ರಮ್ಮ. ಕೆನ್ನಾಯ್ ಬಾಲ ಕರ್ರಗೆ, ಪೊರ್ಕೆ ಅಂಗೆ ಕೆಳೀಕೆ ಇಳೀತದೆ. ಎಂದೂ ಸುತ್ಕಳಕಿಲ್ಲ. ನಂಗ್ ಗೊತ್ತಿತ್ತು, ನೋಡ್ನಿಲ್ಲ." ಅಂದಿನಿಂದ ಅವರ ಸಿಳ್ಳೆ ನಾನು ಕೇಳಲಿಲ್ಲ. ಶಾಲೆಯ ಮಕ್ಕಳನ್ನು ಹಿಡಿದು ನಿಲ್ಲಿಸಿ ಬಾಲದ ಪಾಠ ಹೇಳುತ್ತಿದ್ದರು. ಕೆಲವರು ಅವರಿಗೆ 'ಬಾಲದ ವಾಚರ್' ಎಂದು ಅಡ್ಡಹೆಸರಿಟ್ಟರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಅದಾದ ಕೆಲವು ವರ್ಷಕ್ಕೆ ಪಟ್ಟಣದಿಂದ ಒಬ್ಬ ಕಲಾವಿದ ಬಂದ. ಒಂದು ಕಂಪನಿಯವರು ಬೆಳ್ಳಿ ನಾಣ್ಯದ ಮೇಲೆ ಕೆನ್ನಾಯಿ ಅಚ್ಚು ಹಾಕುತ್ತಾರೆ, ಕಾಡು ಬಲ್ಲವರು ಚಿತ್ರ ನೋಡಿ ಹೇಳಬೇಕು ಎಂದ. ಅವನಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು, ನಡುವೆ ನಾನು. ವಾಚರಣ್ಣ ಹಾಳೆ ನೋಡಿದವರೇ "ಬಾಲ ತೆಪ್ಪು ಸಾ" ಎಂದರು. ಮೇಲೆತ್ತಿದರೆ ಗತ್ತಾಗಿ ಕಾಣುತ್ತದೆ ಎಂದು ಆತ ನಕ್ಕ. ಇವರು ಒಳಗೆ ಹೋಗಿ ಒಲೆಯಿಂದ ಇದ್ದಿಲು ತಂದರು. ನಮ್ಮ ಜಗುಲಿಯ ಗೋಡೆಯ ಮೇಲೆ ಕೆನ್ನಾಯಿ ಬರೆದರು, ಬಾಲವನ್ನು ಮೂರು ಸಲ ತಿದ್ದಿದರು. ಕಲಾವಿದ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಮೊದಲ ನಾಣ್ಯ ನಿಮಗೇ ಕಳಿಸುತ್ತೇವೆ ಎಂದ.

"ನಂಗ್ ಬೆಳ್ಳಿ ಬ್ಯಾಡ ಸಾ, ಬಾಲ ಒಂದ್ ಸರಿ ಮಾಡ್ಬುಡಿ." ಇದನ್ನು ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ. ಆತ ತಲೆಯಾಡಿಸಿದ.

ಆಮೇಲೆ ವಾರಕ್ಕೊಮ್ಮೆ ಅದೇ ಪ್ರಶ್ನೆ: "ಪೋನ್ ಬಂತಾ ಟೀಚ್ರಮ್ಮ?" ಕೊನೆಗೆ ನಾನೇ ಕಂಪನಿಗೆ ಫೋನ್ ಮಾಡಿದೆ. ಯಾವಳೋ ಒಬ್ಬಳು ನಯವಾಗಿ, ತಿದ್ದಿದ್ದೇವೆ ಮೇಡಂ ಅಂದಳು. ನಾನು ಗೋಡೆಯಾಚೆಗೆ ಕೂಗಿ ಹೇಳಿದೆ, ಬಾಲ ಸರಿಯಾಯಿತಂತೆ! ಆ ಸಂಜೆ, ಎಷ್ಟೋ ವರ್ಷದ ಮೇಲೆ, ಪಕ್ಕದ ಮನೆಯಿಂದ ಸಿಳ್ಳೆ ಕೇಳಿಸಿತು...

ಕಳಿಸುತ್ತೇವೆಂದ ನಾಣ್ಯ ಬರಲೇ ಇಲ್ಲ. ಅವರು ತೀರಿಕೊಂಡದ್ದು ಆ ಮಾತನ್ನು ನಂಬಿಕೊಂಡೇ. ನಾನೂ ನೋಡದೆ ಹೇಳಿದ್ದೆ.

ಡಬ್ಬಿಯಲ್ಲಿ ಒಂದು ಪ್ರಮಾಣಪತ್ರವೂ ಇದೆ. ಬೆಳ್ಳಿ ಅಪ್ಪಟ ಎಂದು ಅದರಲ್ಲಿ ಬರೆದಿದೆ, ಚಿತ್ರ ಕಾಡಿನ ತಜ್ಞರು ಒಪ್ಪಿದ್ದು ಎಂದೂ ಬರೆದಿದೆ. ಯಾವ ತಜ್ಞ? ಇದ್ದಿಲು ಹಿಡಿದು ಗೋಡೆ ತುಂಬಾ ಬರೆದು ತೋರಿಸಿದವರ ಮಾತನ್ನು ಕಸಕ್ಕೆ ಹಾಕಿ, ಅವರು ಕೊಡದ ಒಪ್ಪಿಗೆಯನ್ನು ಮಾತ್ರ ಇಟ್ಟುಕೊಂಡ ಈ ಜನಕ್ಕೆ ನಾಚಿಕೆ ಬೇಡವೇ? ಒಂದು ಜೀವ ಅಳಿಯುತ್ತಿದೆ ಎಂದು ಹೇಳಿ ದುಡ್ಡು ಮಾಡುವವರಿಗೆ ಆ ಜೀವದ ಬಾಲ ಎತ್ತ ಇಳಿಯುತ್ತದೆಂದು ನೋಡುವಷ್ಟು ವ್ಯವಧಾನವಿಲ್ಲ! ಕಂಪನಿಗೆ ಫೋನ್ ಮಾಡಿದೆ. ಬೇಕಾದರೆ ನಾಣ್ಯ ಬದಲಿಸಿ ಆನೆ ಕೊಡುತ್ತೇವೆ ಅಂದರು.

ಮಾರನೆಯ ದಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಹಂಗಳಕ್ಕೆ ಹೋದೆ. ನನ್ನ ಹಳೆಯ ಮನೆಯ ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಇದ್ದಿಲಿನ ಗುರುತೂ ಇಲ್ಲ. ಪಕ್ಕದ ಮನೆಯ ಅಕ್ಕನ ಕಣ್ಣು ಮಂಜಾಗಿದೆ. ಕ್ಷಮೆ ಕೇಳಬೇಕೆಂದು ಹೋದವಳು ನಾಣ್ಯವನ್ನು ಅವರ ಅಂಗೈಯಲ್ಲಿಟ್ಟೆ. ಅಕ್ಕ ಅದನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ಬಾಲ ಸವರಿದರು.

"ಇದ್ಯಾರ್ ಮನೆ ನಾಯಿ, ಟೀಚ್ರಮ್ಮ?"