ಸುಣ್ಣದ ಬಾಗಿಲು

ಬಿ.ಪಿ. ನೋಡಿದರೆ ನೂರಾ ತೊಂಬತ್ತು. ಭಾತಂಬ್ರಾದಿಂದ ಭಾಲ್ಕಿಯ ನಮ್ಮ ದವಾಖಾನೆಗೆ ಬರುವ ಕಮಲಾಬಾಯಿ ಏನೂ ಆಗಿಲ್ಲವೆಂಬಂತೆ ಕೂತಿದ್ದರು. ಒಂದು ತಿಂಗಳಿಂದ ಬಿ.ಪಿ. ಗುಳಿಗೆ ನುಂಗಿಲ್ಲವಂತೆ. ನನಗೆ ತಲೆ ಕೆಟ್ಟುಹೋಯಿತು.

“ಯಾಕ ಬಿಟ್ಟೀರಿ ಕಾಕೂ?”

“ಅದು ಸುಣ್ಣದ ಬಾಗಲಾ ಮುಚ್ಚತದ ಅಂತ ನೀವೇ ಹೇಳೀರಲ್ರಿ ಸಿಸ್ಟರ್. ಮೊಣಕಾಲಿಗಿ ಸುಣ್ಣದ ಗುಳಿಗೀನೂ ನೀವೇ ಕೊಟ್ಟೀರಿ. ಬಾಗಲಾ ಮುಚ್ಚಿದ್ರ ಸುಣ್ಣ ಒಳಗ ಹ್ಯಾಂಗ ಹೋಗಬೇಕ್ರಿ?”

ಕ್ಯಾಲ್ಸಿಯಂ ಅಂದರೆ ತಿಳಿಯಲಿಕ್ಕಿಲ್ಲವೆಂದು ಸುಣ್ಣ ಅಂದವಳು ನಾನೇ. ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ಹೇಳಿದೆ. ಆ ಸಣ್ಣ ಬಾಗಿಲುಗಳಿರುವುದು ರಕ್ತನಾಳದ ಸ್ನಾಯುಕೋಶಗಳ ಗೋಡೆಯಲ್ಲಿ. ಅಲ್ಲಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ. ಗುಳಿಗೆ ಅವುಗಳಲ್ಲಿ ಕೆಲವನ್ನು ಮುಚ್ಚಿ ನಾಳವನ್ನು ಸಡಿಲಿಸುತ್ತದೆ. ಮೂಳೆಗೆ ಕ್ಯಾಲ್ಸಿಯಂ ಹೋಗುವ ದಾರಿಯೇ ಬೇರೆ, ಅದಕ್ಕೆ ಈ ಗುಳಿಗೆ ಅಡ್ಡ ಬರುವುದಿಲ್ಲ.

ಕಮಲಾಬಾಯಿ ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಕೇಳಿಸಿಕೊಂಡರು.

“ಬಾಗಲಾ ಯಾವ ಮನೀದು ಅಂತ ಮೊದಲೇ ಹೇಳಬೇಕಾಗಿತ್ತಲ್ರಿ.”

ಅವರನ್ನು ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಅದೇ ಬಿ.ಪಿ. ಗುಳಿಗೆಯನ್ನು ಮತ್ತೆ ಶುರುಮಾಡಿಸಿದರು.

ಒಂದು ತಿಂಗಳು ಆಕೆಯ ರಕ್ತನಾಳ ಬಿಗಿದದ್ದು ನನ್ನ ಅರ್ಧ ಮಾತಿನಿಂದ. ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತದೆ ಎಂಬುದು ಎಲೆ ಹಾಕುವವರಿಗೆಲ್ಲ ಗೊತ್ತು. ಬರೀ ಸುಣ್ಣ ಎಂದರೂ ಸುಡುತ್ತದೆ ಎಂಬುದು ಎಲೆ ಹಾಕದ ನನಗೆ ಅಂದು ಗೊತ್ತಾಯಿತು.