ಕೈ ಅವನದು, ಬರಹ ಅವಳದು

ಆ ತರಬೇತಿ ಸಂಸ್ಥೆಯಲ್ಲಿ ಗಂಡು ಹೆಣ್ಣೆಂಬ ಭೇದವೇ ಇರಲಿಲ್ಲ. ಹಾಗಂತ ನೆಟ್‌ವರ್ಕ್ ಪಾಠ ಹೇಳುವ ಮೇಷ್ಟ್ರೇ ವರ್ಷಕ್ಕೊಮ್ಮೆ ಭಾಷಣ ಮಾಡುತ್ತಿದ್ದರು. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಬಿಚ್ಚಬೇಕು, ಜೋಡಿಸಬೇಕು. ಹುಡುಗಿ ಅದನ್ನೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಇದಕ್ಕಿಂತ ಸಮಪಾಲು ಇನ್ನೇನಿದೆ?

ನಮ್ಮ ಹುಡುಗಿಗೆ ಎಲ್ಲರೂ ಇಟ್ಟ ಹೆಸರು ಮುತ್ತಕ್ಷರ. ಬರಹ ಅಷ್ಟು ಚೆಂದ. ಅದೇ ಅವಳಿಗೆ ಮುಳುವಾಯಿತು. ನೆಟ್‌ವರ್ಕ್ ಕೇಬಲಿನೊಳಗಿನ ಎಂಟು ತಂತಿಗಳಲ್ಲಿ ಯಾವ ಬಣ್ಣದ ಪಕ್ಕ ಯಾವ ಬಣ್ಣವೆಂದು ಅವಳು ಓದಿ ಹೇಳುವುದು, ಜೊತೆಗಾರ ಹುಡುಗ ಹಾಗೇ ತುದಿಯ ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿಗೆ ತೂರಿಸಿ, ಕ್ರಿಂಪಿಂಗ್ ಟೂಲ್ ಎಂಬ ಇಕ್ಕಳದಿಂದ ಒತ್ತಿ ಕೂರಿಸುವುದು. ಒಂದು ಸಲ ನಾನೂ ಒತ್ತುತ್ತೇನೆ ಎಂದರೆ, ಬಿಡು, ಕೈಗೆ ಗಾಯ ಮಾಡಿಕೊಳ್ಳುತ್ತೀಯ ಎನ್ನುತ್ತಿದ್ದ. ಪಾಪ, ಒಳ್ಳೆಯ ಹುಡುಗ.

ಅಂಗಡಿಯ ಗಲ್ಲಾದ ಹಿಂದೆ ದಿನವಿಡೀ ನಿಂತು ಕಾಲು ಊದಿಸಿಕೊಂಡಿದ್ದ ಅಮ್ಮನಿಗೆ, ಮಗಳು ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಹಿಡಿದರೆ ಸಾಕಿತ್ತು. ಮಗಳಿಗೆ ಬೇಕಾಗಿದ್ದು ದೊಡ್ಡಾಸ್ಪತ್ರೆಯಲ್ಲಿ ಕೇಬಲ್ ನೋಡಿಕೊಳ್ಳುವ ಕೆಲಸ, ಮಹಡಿ ಮಹಡಿ ಹತ್ತಿ ಇಳಿಯುವಂಥದ್ದು. ಪ್ರಾಯೋಗಿಕ ಪರೀಕ್ಷೆ ಪಾಸಾದವರನ್ನೆಲ್ಲ ಅಲ್ಲಿಗೆ ತೆಗೆದುಕೊಳ್ಳುತ್ತಿದ್ದರು.

ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಕೇಬಲ್ ಮಾಡಬೇಕಿತ್ತು. ಓದಿ ಹೇಳುವವರಿಲ್ಲದೆ ಅವನು ಬಣ್ಣಗಳನ್ನು ಅದಲುಬದಲು ಮಾಡಿದ. ಬಣ್ಣವೆಲ್ಲ ಬಾಯಿಪಾಠವಿದ್ದ ಅವಳು, ಟೂಲ್ ಹಿಡಿಯಲು ಬಾರದೆ ತಂತಿಗಳನ್ನು ಜಜ್ಜಿ ಹಾಕಿದಳು. ಕೇಬಲ್ ಸರಿಯಿದ್ದರೆ ಹೊತ್ತುವ ಟೆಸ್ಟರಿನ ದೀಪ ಇಬ್ಬರಿಗೂ ಹೊತ್ತಲಿಲ್ಲ. ಭೇದವೇ ಇಲ್ಲವಲ್ಲ.

ಮೇಷ್ಟ್ರು ಅವನ ಬೆನ್ನು ತಟ್ಟಿ, ಗಾಬರಿಯಾಗಿದೆ ಅಷ್ಟೇ, ನಾಳೆ ಬಂದು ಇನ್ನೊಂದು ಸಲ ಮಾಡು ಎಂದರು. ಅವಳನ್ನು ಪಕ್ಕಕ್ಕೆ ಕರೆದು, ಇದು ಹೆಣ್ಣುಮಕ್ಕಳ ಕೈಗೆ ಒಗ್ಗುವ ಕೆಲಸವಲ್ಲಮ್ಮ, ಆಸ್ಪತ್ರೆಯ ವಿಚಾರಣೆ ಕೌಂಟರಿಗೆ ನಿನ್ನ ಹೆಸರು ಹೇಳುತ್ತೇನೆ ಎಂದರು. ಅವರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಸರ್, ಅವನಿಗೆ ಏನು ಹೇಳಿದ್ರೋ ಅದನ್ನೇ ನನಗೂ ಹೇಳಿ," ಎಂದಳು.

ಮೇಷ್ಟ್ರು ತಬ್ಬಿಬ್ಬಾದರು. ಭಾಷಣ ಮಾಡಿದ ಬಾಯಿಂದ ಇಲ್ಲವೆನ್ನಲಾಗದೆ, ಸರಿ, ನೀನೂ ನಾಳೆ ಬಾ ಎಂದರು.

ಮರುದಿನ ಹುಡುಗ ಬಣ್ಣಗಳ ಕ್ರಮವನ್ನು ಅಂಗೈಯಲ್ಲಿ ಬರೆದುಕೊಂಡು ಬಂದು ಪಾಸಾದ. ಮೇಷ್ಟ್ರ ಕಣ್ಣಿಗೆ ಅದು ಬೀಳಲಿಲ್ಲ. ಅವಳ ಸರದಿ ಬಂದಾಗ ಮಾತ್ರ ಅವರು ಪಕ್ಕದಲ್ಲೇ ನಿಂತರು. ಅವಳು ಒಂದು ಕನೆಕ್ಟರ್ ಹಾಳುಮಾಡಿದಳು, ಇನ್ನೊಂದನ್ನೂ ಹಾಳುಮಾಡಿದಳು. ಮುಂದಿನದರಲ್ಲಿ ತಂತಿಗಳೆಲ್ಲ ನೆಟ್ಟಗೆ ಕೂತವು, ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಮೇಷ್ಟ್ರ ಕರುಳು ಚುರುಕ್ ಎಂದಿತು. ಕೊಡಮ್ಮ ಇಲ್ಲಿ ಎಂದು ಟೂಲ್ ಕಿತ್ತುಕೊಂಡು ತಾವೇ ಒತ್ತಿಬಿಟ್ಟರು. ಟೆಸ್ಟರಿಗೆ ಸಿಕ್ಕಿಸಿದರೆ ದೀಪ ಹೊತ್ತಿತು. ನೀನೂ ಪಾಸು ಎಂದರು.

ಬೇಕಾಗಿದ್ದ ಕೆಲಸ ಕೈಗೆ ಬಂದಿತ್ತು. ಸುಮ್ಮನೆ ಥ್ಯಾಂಕ್ಸ್ ಹೇಳಿ ಮನೆಗೆ ಹೋಗಬಹುದಿತ್ತು. ಅವಳಿಗೆ ಅಳು ಬಂತು. ಕತ್ತರಿ ತೆಗೆದುಕೊಂಡು, ದೀಪ ಹೊತ್ತಿಸಿದ ಕೇಬಲಿನ ಆ ತುದಿಯನ್ನೇ ಕತ್ತರಿಸಿ ಹಾಕಿದಳು.

"ಇದು ನಿಮ್ಮದಾಯ್ತು ಸರ್. ಈಗ ನಾನು ಮಾಡ್ತೀನಿ. ಟೂಲ್ ಕೊಡಿ."

ಮೇಷ್ಟ್ರು ಕೊಟ್ಟರು. ಕೊಟ್ಟ ಮೇಲೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ದೀಪ ಮತ್ತೆ ಹೊತ್ತುವವರೆಗೂ ನಿಂತೇ ಇದ್ದರು.