ಪಾಚಿ ಉಜ್ಜಿದ ಕೈ

ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ಕೈಮೇಲೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವ ಕೆಟ್ಟ ಅಭ್ಯಾಸವೊಂದು ನನಗಿದೆ. ಬೀಗರ ಮನೆಯಲ್ಲಿ ಹೀಗೆ ಮಾಡಿ, ಪಕ್ಕದಲ್ಲಿದ್ದ ನನ್ನಾಕೆಯಿಂದ ತೊಡೆಗೆ ಚಿವುಟಿಸಿಕೊಂಡದ್ದೂ ಉಂಟು. ದಯವಿಟ್ಟು ಇದನ್ನು ಸೊಕ್ಕು ಎಂದುಕೊಳ್ಳಬೇಡಿ. ಜೀವಮಾನವೆಲ್ಲ ರೇಷ್ಮೆಹುಳು ಸಾಕಿದವನ ಬೆರಳು ಹಾಗೆಯೇ. ಒಂದು ಬೆಳೆ ಮುಗಿದು ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮರುದಿನವೇ ನಮ್ಮಲ್ಲಿ ಹುಳುಮನೆಯನ್ನು ತೊಳೆಯುವ ಯುದ್ಧ ಶುರು. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಸೊಪ್ಪು ಹೆಚ್ಚುವ ಮಣೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿಯ ನೀರು, ಆಮೇಲೆ ಬಿರುಬಿಸಿಲು, ಬಾಗಿಲಿಗೆ ಸುಣ್ಣ. ಒಂದು ಮೂಲೆ ಮರೆತರೆ ಆ ಮೂಲೆಯಿಂದಲೇ ರೋಗ ಎದ್ದು ಹುಳುವೆಲ್ಲ ತಿಪ್ಪೆಗೆ. ಎಸ್ಸೆಸ್ಸೆಲ್ಸಿಗೆ ಪುಸ್ತಕ ಮುಚ್ಚಿದ ನನಗೆ ತಿಳಿದಿದ್ದ ತತ್ತ್ವಶಾಸ್ತ್ರ ಇಷ್ಟೇ: ಕೊಳೆಯೆಂದರೆ ಸಾವು, ಶುಚಿಯೆಂದರೆ ಬದುಕು. ಈ ತತ್ತ್ವವನ್ನು ನಂಬಿಯೇ ನಾನು ಕೆಲವು ಜೀವಗಳನ್ನು ಕೊಂದೆ. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಅದನ್ನು ಹೇಳಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ನಮ್ಮದು ಕೆಂಚಾರ್ಲಹಳ್ಳಿಯ ಆಸುಪಾಸಿನ ಒಂದು ಊರು. ಮಗ ಚಿಂತಾಮಣಿಯಲ್ಲಿ ನೌಕರಿ ಮಾಡುತ್ತ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾನೆ. ಸೊಸೆ ಸುಧಾ ಗೌರಿಬಿದನೂರಿನ ಕಡೆಯವಳು, ತೊಂಡೇಬಾವಿಯ ಹುಡುಗಿ. ಊರಿನಲ್ಲಿ ಒಂದೊಂದೇ ಮನೆಗೆ ಮೊಬೈಲು ಬರುತ್ತಿದ್ದ ಆ ವರ್ಷ ಅವಳ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದವಳು ಮನೆಕೆಲಸವನ್ನೆಲ್ಲ ಮೊದಲಿನಂತೆಯೇ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಆದರೆ ತಾನಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ನಮ್ಮಂಥ ಮನೆಗಳಲ್ಲಿ ಇಂಥ ದುಃಖವನ್ನು ಯಾರೂ ಹೆಸರು ಹಿಡಿದು ಮಾತನಾಡಿಸುವುದಿಲ್ಲ. ಊಟಕ್ಕೆ ಇನ್ನೊಂದಿಷ್ಟು ತುಪ್ಪ ಬಡಿಸಿ ಸುಮ್ಮನಾಗುತ್ತೇವೆ. ಮಗನಿಗೆ ತುಪ್ಪದ ಮೇಲೆ ಅಷ್ಟು ಭರವಸೆ ಇರಲಿಲ್ಲವೆಂದು ಕಾಣುತ್ತದೆ. ಅವನು ಚಿಕ್ಕಬಳ್ಳಾಪುರದಿಂದ ಒಂದು ಗಾಜಿನ ತೊಟ್ಟಿ ತಂದು ನಡುಮನೆಯಲ್ಲಿಟ್ಟ. ಬಣ್ಣದ ಮೀನು ಬಂದವು. ಕೆಲವು ತಿಂಗಳಿಗೆ ಗಾಜಿನ ಮೇಲೆ ಪಾಚಿಯೂ ಬಂತು. ಆಗ ಅವನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು, ಪಾಚಿ ತಿನ್ನುವ ಪುಟ್ಟ ಕ್ಯಾಟ್‌ಫಿಶ್ ಐದಾರನ್ನು ತಂದ.

ಹೆಸರು ಕೇಳಿದ್ದೇ ನನ್ನಾಕೆ ಹೌಹಾರಿದಳು. "ಕ್ಯಾಟ್‌ಫಿಶ್ಶಾ? ಕೋಳಿ ಕರುಳು ತಿಂದು ಕೆರೆ ಕೆಡಿಸ್ತಾವಲ್ಲ, ಅವಾ? ದೇವರ ಮನೆ ಪಕ್ಕದಲ್ಲಾ?"

"ಅಮ್ಮಾ, ಇವು ಸೊಪ್ಪು ತಿನ್ನೋ ಜಾತಿ. ಬಹಳ ನಾಜೂಕು. ಒಂಚೂರು ಹೆಚ್ಚುಕಮ್ಮಿ ಆದ್ರೂ ಉಳಿಯಲ್ಲ," ಎಂದ ಮಗ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ನೀನಂತೂ ತೊಟ್ಟಿಗೆ ಕೈ ಹಾಕ್ಬೇಡ," ಎಂದ. ತಂದೆಯನ್ನು ಅವನು ಚೆನ್ನಾಗಿಯೇ ಬಲ್ಲ.

ಪಕ್ಕದ ಮನೆಯ ವೆಂಕಟರವಣಪ್ಪ ನೋಡಲು ಬಂದು, "ಏಮಪ್ಪಾ, ಹುಳು ಬಿಟ್ಟು ಮೀನು ಮೇಯಿಸ್ತಿದ್ದೀಯಾ? ಗೂಡು ಕಟ್ಟೋವಾಗ ಹೇಳು, ನಾನೂ ಮಾರ್ಕೆಟ್‌ಗೆ ಬರ್ತೀನಿ," ಎಂದು ಹಂಗಿಸಿದ. ಆಗ ಒಳಬಾಗಿಲಲ್ಲಿ ಯಾರೋ ನಕ್ಕರು. ತಿರುಗಿ ನೋಡಿದರೆ ಸುಧಾ. ಅದೆಷ್ಟು ದಿನದ ಮೇಲೆ ಕೇಳಿದ ನಗುವೆಂದರೆ, ನನ್ನಾಕೆ ಕೈಲಿದ್ದ ಲೋಟವನ್ನು ಕೆಳಗಿಡುವುದನ್ನೂ ಮರೆತು ನಿಂತಳು.

ಹೆಬ್ಬೆರಳಿನ ಉದ್ದವೂ ಇಲ್ಲದ, ಬೂದುಮೈಯ ಮೇಲೆ ಕಪ್ಪು ಗೀಟೊಂದನ್ನು ಎಳೆದಂತಿದ್ದ ಆ ಮೀನುಗಳಿಗೆ ಬಾಯಿ ಕೆಳಗಡೆ. ಆ ಬಾಯಿಂದಲೇ ಗಾಜಿಗೆ ಕಚ್ಚಿಕೊಂಡು ಪಾಚಿಯನ್ನು ಮೇಯುತ್ತ ಸಾಗುವ ಅವನ್ನು ಸುಧಾ ಗಾಜಿನ ಈಚೆ ಮುಖವಿಟ್ಟು ನೋಡುತ್ತಿದ್ದಳು. "ಮಾವ, ಹೊಟ್ಟೆ ನೋಡಿ, ಗುಂಡಗೆ! ಒಳ್ಳೆ ರಾಗಿಕಾಳು ತುಂಬಿದ ಚೀಲ!" ಎಂದು ತಾನಾಗಿಯೇ ನನ್ನನ್ನು ಕರೆದಳು. ನಾನು ಕುರ್ಚಿಯಿಂದ ಏಳದೆಯೇ "ಹೌದಮ್ಮ ಹೌದು" ಎಂದೆ. ನನ್ನ ಕಣ್ಣೆಲ್ಲ ಗಾಜಿನ ಹಸಿರಿನ ಮೇಲೆ. ನಡುಮನೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ, ಅಷ್ಟು ಕೊಳೆ!

ತನ್ನ ತಮ್ಮನ ಮಗುವಿನ ನಾಮಕರಣಕ್ಕೆಂದು ಸುಧಾ ತವರಿಗೆ ಹೋದಳು. ಹೋಗಲೋ ಬೇಡವೋ ಎಂದು ತುಂಬ ತೊಳಲಾಡಿ, ಕೊನೆಗೆ ಹೋದಳು. ಮಗ ಕೆಲಸದ ಮೇಲೆ, ಹೆಂಡತಿ ಹೊಲದಲ್ಲಿ. ನಾನು, ಬೆರಳು, ಕೊಳೆ ಮೂವರೇ ಮನೆಯಲ್ಲಿ. ತೆಂಗಿನ ನಾರು ತೆಗೆದುಕೊಂಡು ತೋಳು ಮಡಚಿದೆ. ಗಾಜನ್ನು ಒಳಗಿನಿಂದ ಉಜ್ಜಿದೆ. ತಳದ ಕಲ್ಲುಗಳನ್ನು ಹೊರತೆಗೆದು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ತೊಳೆದು, ಹುಳುತಟ್ಟೆಗಳಂತೆಯೇ ಬಿಸಿಲಿಗಿಟ್ಟು ಮತ್ತೆ ಜೋಡಿಸಿದೆ. ಹಸಿರೆನ್ನುವುದು ಒಂದಿಷ್ಟೂ ಉಳಿಯಲಿಲ್ಲ. ಪಾಪದ ಮೀನುಗಳು ಮಾಡಬೇಕಾಗಿದ್ದ ಚಾಕರಿಯನ್ನು ನಾನೇ ಮುಗಿಸಿಕೊಟ್ಟೆನಲ್ಲ ಎಂಬ ಔದಾರ್ಯ ಬೇರೆ! ಅವು ಪೊರಕೆಗಳಲ್ಲ, ಪಾಚಿ ಅವುಗಳ ಕಸವಲ್ಲ ಅನ್ನ ಎಂಬ ಸರಳ ಸಂಗತಿ, ಮೂರು ಹೊತ್ತು ಉಣ್ಣುವ ನನಗೆ ಹೊಳೆಯಲೇ ಇಲ್ಲ.

ಸುಧಾ ಬಂದವಳೇ ತೊಟ್ಟಿಯ ಮುಂದೆ ನಿಂತು ಬೆರಗಾದಳು. "ಅಬ್ಬಾ! ಎಲ್ಲಾ ತಿಂದುಬಿಟ್ಟಿದ್ದಾವಲ್ಲ ಮಾವ! ಕನ್ನಡಿ ಮಾಡಿಟ್ಟಿದ್ದಾವೆ!"

ಮಗನ ಎಚ್ಚರಿಕೆ ನೆನಪಿಗೆ ಬಂತು. ನಾನು ಮೀಸೆಯೊಳಗೇ ನಕ್ಕು ಸುಮ್ಮನಾದೆ. ಸುಳ್ಳು ಹೇಳಲಿಲ್ಲ, ಹೇಳಬೇಕಾದ್ದನ್ನು ಹೇಳಲಿಲ್ಲ. ಇವೆರಡರ ನಡುವೆ ದೊಡ್ಡ ಅಂತರವಿದೆ ಎಂದು ಆ ದಿನ ಅಂದುಕೊಂಡಿದ್ದೆ.

ಕೆಲವು ದಿನ ಕಳೆಯಿತು. ಮೀನುಗಳು ಮೇಯುವುದನ್ನು ಬಿಟ್ಟು ಗಾಜಿಗೆ ಅಂಟಿ ಅಲ್ಲಾಡದೆ ಕೂತವು. ಸುಧಾ ಗಾಬರಿಯಾದಳು. "ಮಾವ, ಇವಕ್ಕೆ ಹೊಟ್ಟೆ ಒಳಕ್ಕೆ ಹೋಗಿದೆ. ಸೌತೆಕಾಯಿ ಬೇಯಿಸಿ ಹಾಕ್ಲಾ? ಅಂಗಡಿಯವ್ರು ಹೇಳಿದ್ರಂತೆ."

"ಏನೂ ಹಾಕ್ಬೇಡ. ಜ್ವರಕ್ಕೆ ಕೂತಿವೆ," ಎಂದೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ರೇಷ್ಮೆಹುಳು ಬೆಳೆಯುತ್ತ ಆಗಾಗ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಅದು ಮೇವು ಬಿಟ್ಟು, ತಲೆಯೆತ್ತಿ, ಕಲ್ಲಿನಂತೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಅಲುಗಿಸಬಾರದು. ಎದ್ದ ಮೇಲೆ ತಾನೇ ಹಸಿದು ತಿನ್ನುತ್ತದೆ. ಹೊಸಬರು ಕನಿಕರಪಟ್ಟು ಸೊಪ್ಪು ಸುರಿದು ಬೆಳೆ ಕೆಡಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೆ. ಮೀನಿಗೂ ಪೊರೆಯುಂಟೇ ಎಂದು ಕೇಳಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಸುಧಾ ಮಾತ್ರ ಮೆಲ್ಲಗೆ, "ಮೀನಿಗೂ ಹಂಗೇನಾ ಮಾವ?" ಎಂದಳು.

"ನೀನು ಎಷ್ಟು ಹುಳು ಸಾಕಿದ್ದೀಯಮ್ಮಾ? ನಾನು ಹೇಳ್ತಿದ್ದೀನಲ್ಲ."

ಅವಳು ಬೇಯಿಸಿಟ್ಟಿದ್ದ ಸೌತೆಕಾಯಿಯ ಹೋಳುಗಳನ್ನು ಎಮ್ಮೆಗೆ ಹಾಕಿದಳು.

ಪಾಚಿ ತಿನ್ನುವ ಮೀನುಗಳು ಒಂದೊಂದಾಗಿ ಸತ್ತವು. ಅಂಗಡಿಯ ಕಾಳು ತಿನ್ನುವ ಬಣ್ಣದ ಮೀನುಗಳಿಗೆ ಏನೂ ಆಗಲಿಲ್ಲ. ಸತ್ತ ಒಂದನ್ನು ಸುಧಾ ಅಂಗೈಯಲ್ಲಿಟ್ಟುಕೊಂಡು, ತುಂಬ ಹೊತ್ತು ನೋಡಿ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನನ್ನ ಕೈಲಿ ಯಾವ ಜೀವಾನೂ ನಿಲ್ಲಲ್ಲ."

ಆ ಮಾತು ಮೀನಿನ ಕುರಿತಾದದ್ದಲ್ಲವೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನನ್ನಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಆ ಮೀನನ್ನು ಮಣ್ಣಿಗೆ ಹಾಕುವ ನೆಪದಲ್ಲಿ ಅವಳ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಬಂದೆ. ಬಿಸಿಲಿನಲ್ಲಿ, ಆವತ್ತೇ ಮೊದಲ ಸಲ, ಅದನ್ನು ಬಗ್ಗಿ ನೋಡಿದೆ. ಜ್ವರಕ್ಕೆ ಕೂರುವ ಹುಳುವಿನ ಮೈ ತುಂಬಿ ಮಿರಿಮಿರಿ ಹೊಳೆಯುತ್ತಿರುತ್ತದೆ. ಹೊಟ್ಟೆತುಂಬ ತಿನ್ನದ ಹುಳು ಜ್ವರಕ್ಕೆ ಕೂರುವುದೇ ಇಲ್ಲ. ಇದರ ಹೊಟ್ಟೆಯಿದ್ದ ಕಡೆ ಹಳ್ಳ ಬಿದ್ದಿತ್ತು. ಒಳಗೆ ಬಂದು ತೊಟ್ಟಿಯ ಹಿಂದಕ್ಕೆ ಇಣುಕಿದೆ. ನೀರೆತ್ತುವ ಕೊಳವೆಯ ಮರೆಯಲ್ಲಿ, ನನ್ನ ಕೈ ಹೋಗದ ಒಂದು ಸಂದಿನಲ್ಲಿ, ಬೆರಳಗಲದ ಹಸಿರು ಉಳಿದಿತ್ತು. ಆ ಜಾತಿಯಲ್ಲಿ ಬದುಕಿದ್ದ ಎರಡೇ ಮೀನು ಅಲ್ಲಿದ್ದವು. ಎರಡರ ಹೊಟ್ಟೆಯೂ ಗುಂಡಗೆ.

ನಾನು ಮರೆತ ಮೂಲೆಯಲ್ಲಿ ಅವು ಬದುಕಿದ್ದವು. ನೋಡಿದೆ, ಅರ್ಥವಾಯಿತು, ಆದರೂ ಬಾಯಿ ಬಿಡಲಿಲ್ಲ. ದನ ನೀರು ಕುಡಿಯುವ ತೊಟ್ಟಿಯಿಂದ ಪಾಚಿ ಕಟ್ಟಿದ ಕಲ್ಲುಗಳನ್ನು ತಂದು, ಯಾರೂ ಇಲ್ಲದಾಗ ಮೀನಿನ ತೊಟ್ಟಿಗೆ ಇಳಿಬಿಟ್ಟೆ. ಮೀನುಗಳನ್ನು ಉಳಿಸಿದರೆ ಸಾಕು, ಮಾತು ಬೇಕಿಲ್ಲ ಎಂಬ ಲೆಕ್ಕಾಚಾರ. ಸುಧಾ ಮಾತ್ರ ತೊಟ್ಟಿಯ ಹತ್ತಿರ ಬರುವುದನ್ನೇ ಬಿಟ್ಟಿದ್ದಳು. ಎಮ್ಮೆ ಕರು ಹಾಕಿದಾಗ, ಗಂಜಿ ಕುಡಿಸು ಎಂದು ಅತ್ತೆ ಕರೆದರೆ, "ನನ್ನ ಕೈ ಬೇಡ ಅತ್ತೆ, ನೀವೇ ಕುಡಿಸಿ," ಎಂದಳು. ಹಜಾರದಲ್ಲಿ ಕೂತಿದ್ದ ನನಗೆ ಆ ಮಾತನ್ನು ಕೇಳಿಸಿಕೊಂಡು ಕೂತಿರಲು ಆಗಲಿಲ್ಲ.

ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತೆ. "ಸುಧಮ್ಮಾ, ಆ ಮೀನು ನಿನ್ನ ಕೈಲಿ ಸಾಯಲಿಲ್ಲ ಕಣಮ್ಮ. ಪಾಚಿ ಅವು ತಿಂದಿದ್ದಲ್ಲ, ನೀನು ಊರಿಗೆ ಹೋದಾಗ ನಾನೇ ಉಜ್ಜಿ ತೆಗೆದಿದ್ದು. ಹಸಿದು ಸತ್ತವು. ಸೌತೆಕಾಯಿ ಹಾಕ್ತೀನಿ ಅಂದ್ರೂ ನಾನು ಬಿಡ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಗೊತ್ತಿದ್ದೂ ಸುಮ್ನಿದ್ರಾ ಮಾವ? ನಾನು ಅವತ್ತು ಹಂಗಂದಾಗಲೂ?"

"ಅವತ್ತು, ನೀನು ಅಂದ ಮೇಲೆ ಗೊತ್ತಾಯ್ತು. ಆಮೇಲೂ ಸುಮ್ನಿದ್ದೆ."

"ನಾನು ಏನೇನೋ ಅಂದ್ಕೊಂಡು..." ಎಂದಳು. ಮಗುವಿನ ಮಾತು ಅಲ್ಲಿಯೂ ಬಾಯಿಗೆ ಬರಲಿಲ್ಲ. ಎದ್ದು ನನ್ನ ಪಕ್ಕದಿಂದಲೇ ಹೊರಗೆ ಹೋದಳು. ನನ್ನಾಕೆ ಎಮ್ಮೆಯ ಬೆನ್ನ ಮೇಲಿಂದ ನನ್ನನ್ನು ನೋಡಿದ ನೋಟಕ್ಕೆ, ಬೀಗರ ಮನೆಯ ಚಿವುಟು ಏನೇನೂ ಅಲ್ಲ.

ಆಮೇಲೆ ಹಲವು ದಿನ ಸುಧಾ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಅದು ನ್ಯಾಯವಾಗಿತ್ತು. ಕ್ಷಮಿಸು ಎಂದು ಕೇಳುವುದೂ ಒಂದು ಬಗೆಯಲ್ಲಿ, ಬೇಗ ಮುಗಿಸು ಎಂದು ಅವಸರಪಡಿಸುವುದೇ ಎಂದುಕೊಂಡು ನಾನು ಕೇಳಲಿಲ್ಲ. ತಪ್ಪು ಒಪ್ಪಿಕೊಂಡವನಿಗೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆದರೆ ಅವಳು ಎಮ್ಮೆಗೆ ಗಂಜಿ ಕುಡಿಸುವುದನ್ನು ಒಂದು ದಿನ ಕಿಟಕಿಯಿಂದ ಕಂಡೆ.

ಇನ್ನೊಂದು ಬೆಳಿಗ್ಗೆ ನಡುಮನೆಯಿಂದ ಕರೆ ಬಂತು. "ಮಾವ, ಇಲ್ಲಿ ಬನ್ನಿ." ಹೋದೆ. ಅವಳು ತೊಟ್ಟಿಯೊಳಗೆ ಸೌತೆಕಾಯಿಯ ಹೋಳೊಂದನ್ನು ದಾರ ಕಟ್ಟಿ ಇಳಿಬಿಟ್ಟಿದ್ದಳು. ಅದರ ಮೇಲೊಂದು ಮೀನು ಸುಮ್ಮನೆ ಅಂಟಿಕೊಂಡಿತ್ತು.

"ಅಲ್ಲಾಡ್ತಿಲ್ಲ. ಏನಾಗಿದೆ ಹೇಳಿ," ಎಂದಳು, ನನ್ನನ್ನು ಪರೀಕ್ಷಿಸುವಂತೆ.

ಕನ್ನಡಕ ಹಾಕಿಕೊಂಡು, ಮಂಡಿಯೂರಿ, ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದೆ.

"ನನಗೆ ಗೊತ್ತಾಗ್ತಿಲ್ಲಮ್ಮ. ನೀನೇ ನೋಡಿ ಹೇಳು," ಎಂದೆ.

ಅವಳು ನನ್ನ ಪಕ್ಕದಲ್ಲಿ ಕೂತು ಬಗ್ಗಿದಳು. "ಇಲ್ಲಿಂದ ನೋಡಿ ಮಾವ, ಕೆಳಗಿಂದ," ಎಂದು ನನ್ನ ತಲೆಯನ್ನು ಕೈಯಿಂದ ಒಂದಿಷ್ಟು ತಗ್ಗಿಸಿದಳು. "ಬಾಯಿ ಆಡಿಸ್ತಿದೆ. ತಿಂತಾ ಇದೆ."